ತೆರ್ಸೂನ ವಯಸ್ಸು

ಮಗ ಕಾಲುದಾರಿಯಲ್ಲಿ ಬರುವುದು ಕಂಡೊಡನೆ ಎರ್ದೂ ಎಳ್ಳಿನ ಹೊಲದಲ್ಲಿ ಗುದ್ದಲಿ ಬಿಟ್ಟು ಮನೆ ಕಡೆ ನಡೆದಳು. ಏನು ತಂದಿದ್ದೀಯ ಎಂದು ಕೇಳಲಿಲ್ಲ. ಮಡಕೆಯಿಂದ ನೀರು ಮೊಗೆದು ಮೊಣಕೈವರೆಗೆ ಕೈ ತೊಳೆದಳು, ಸೊಂಟಕ್ಕೆ ಸುತ್ತಿದ್ದ ಕಪ್ಪುಬಿಳಿ ಪಟ್ಟೆಯ ಬಟ್ಟೆಗೆ ಒರೆಸಿಕೊಂಡಳು, ಆಮೇಲೆ ಎರಡೂ ಕೈ ಮುಂದೆ ಚಾಚಿದಳು. ಶಿಮಾ ಚೀಲದಿಂದ ವಿಶ್ವವಿದ್ಯಾಲಯದ ಫಲಿತಾಂಶದ ಕಾಗದ ತೆಗೆದು ಆ ಕೈಗಳ ಮೇಲಿಟ್ಟ.

"ಹೆಸರು ಓದು," ಅಂದಳು.

"ತೆರ್ಸೂ ಇಯೋರ್ಹೆಮೆನ್."

"ಇನ್ನೊಂದ್ಸಲ."

"ಅವ್ವಾ, ಅದೇ ಹೆಸರು. ಒಂದನೇ ಕ್ಲಾಸಿಂದ ಅದೇ ಐತೆ."

"ಓದಪ್ಪ. ನಿನ್ ಗಂಟೇನ್ ಹೋಯ್ತದೆ?"

ಅವನು ಮತ್ತೆ ಓದಿದ. ಅವಳಿಗೆ ಅಕ್ಷರ ಬರದು. ಆದರೂ ಕಾಗದದ ಮೇಲೆ ಕಣ್ಣಿಟ್ಟು, ಬೆರಳು ತಾಗಿಸದೆ, ತುಟಿ ಮಾತ್ರ ಅಲುಗಿಸಿ ಆ ಹೆಸರನ್ನು ಒಳಗೇ ಹೇಳಿಕೊಂಡಳು. ಆಮೇಲೆ ಒಳಗೆ ಹೋಗಿ ತಗಡಿನ ಪೆಟ್ಟಿಗೆಯಲ್ಲಿ ಹಳೆಯ ಕಾಗದಗಳ ಮೇಲೆ ಇದನ್ನೂ ಇಟ್ಟು ಬಂದು ಮತ್ತೆ ಹೊಲಕ್ಕಿಳಿದಳು. ಪ್ರತಿ ಸಲವೂ ಹೀಗೇ. ಪ್ರೈಮರಿ ಮುಗಿಸಿದಾಗ, ಹೈಸ್ಕೂಲು ಮುಗಿಸಿದಾಗ, ವಿಶ್ವವಿದ್ಯಾಲಯಕ್ಕೆ ಸೀಟು ಸಿಕ್ಕಾಗ, ಎಲ್ಲ ಕಾಗದಕ್ಕೂ ಕೈ ತೊಳೆಯುವುದು, ಹೆಸರು ಎರಡು ಸಲ ಓದಿಸುವುದು. ಓದು ಕಾಣದವಳ ಆಸೆ ಎಂದುಕೊಂಡಿದ್ದ ಶಿಮಾ.

ಆ ಕಡೆ ಹೆಚ್ಚುಕಮ್ಮಿ ಎಲ್ಲರಿಗೂ ಎರಡು ಹೆಸರು, ಮನೆಯದೊಂದು, ಶಾಲೆಯದೊಂದು. ಶಿಮಾ ಮನೆಯ ಹೆಸರು, ತೆರ್ಸೂ ಶಾಲೆಯ ಹೆಸರು. ಚಿಕ್ಕಪ್ಪ ಅಗ್ಬೆರ್ ಖುಷಿಯಾದಾಗ ಅವನನ್ನು ಶಾಲೆಯ ಹೆಸರಲ್ಲೇ ಕೂಗುತ್ತಿದ್ದ. ತಾಯಿ ಮಾತ್ರ ಅವನು ಶಾಲೆ ಸೇರಿದಾಗಿನಿಂದ ಈ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಹಾಗೆ ಕೂಗಿದವಳಲ್ಲ.

ಫಲಿತಾಂಶವೇನೋ ಬಂತು. ಆದರೆ ರಾಷ್ಟ್ರಸೇವೆಯ ಪತ್ರ ಬರುವುದಕ್ಕೆ ಆರು ತಿಂಗಳಾಗಬಹುದು, ಎಂಟೂ ಆಗಬಹುದು. ಅಲ್ಲಿ ಡಿಗ್ರಿ ಮುಗಿಸಿದ ಎಲ್ಲರೂ ಒಂದು ವರ್ಷ ಖಾಕಿ ತೊಟ್ಟು, ಸರ್ಕಾರ ಕಳಿಸಿದ ಗುರುತಿಲ್ಲದ ಊರಲ್ಲಿ ದುಡಿದು ಬರಬೇಕು. ಕೆಲವರು ಅದನ್ನು ಶಿಕ್ಷೆ ಅನ್ನುತ್ತಿದ್ದರು. ಶಿಮಾ ಹತ್ತು ವರ್ಷದವನಾಗಿದ್ದಾಗಿನಿಂದ ಅದಕ್ಕೇ ಕಾದಿದ್ದ. ಆ ವರ್ಷ ದೂರದ ಸಮುದ್ರದ ಕಡೆಯಿಂದ ಎಕಾನೆಮ್ ಎಂಬ ಹುಡುಗಿ ಖಾಕಿ ತೊಟ್ಟು ಅವರ ಶಾಲೆಗೆ ಬಂದಿದ್ದಳು. ಅವರ ಭಾಷೆಯ ಒಂದು ಮಾತೂ ಅವಳಿಗೆ ಬರುತ್ತಿರಲಿಲ್ಲ. ಆದರೂ ಮಾವಿನ ಮರದ ಕೆಳಗೆ ಕೂರಿಸಿಕೊಂಡು, ಕಲ್ಲುಹರಳು ಜೋಡಿಸಿ ಭಿನ್ನರಾಶಿ ಕಲಿಸಿಬಿಟ್ಟಳು. ಹೋಗುವ ದಿನ, "ನೀನೂ ಒಂದು ದಿನ ಖಾಕಿ ಹಾಕಿ ಯಾವುದಾದರೂ ಊರಿಗೆ ಹೋಗು, ಹೋಗಿ ಕಲಿಸು," ಎಂದಿದ್ದಳು. ಅವನು ಹೂಂ ಅಂದಿದ್ದ. ಆ ಹೂಂ ಅವನೊಳಗೆ ಇನ್ನೂ ಹಸಿಯಾಗಿತ್ತು.

"ಅಲ್ಲೀತನಕ ಏನ್ ಮಾಡ್ತೀಯ? ಮಾವಿನ ಮರದ ಕೆಳಗೆ ಕೂತು ನೊಣ ಹೊಡೀತೀಯ?" ಎಂದ ಅಗ್ಬೆರ್. ಎರ್ದೂನ ಗಂಡ ಸತ್ತ ಮೇಲೆ ಆ ಮನೆಗೆ ಗಂಡು ದನಿ ಅಂತ ಇದ್ದದ್ದು ಅವನೊಬ್ಬನದೇ. "ಅಕಾನ ಹತ್ರ ಹೋಗಿ ಹೊಲಿಗೆ ಕಲಿ."

"ಡಿಗ್ರಿ ಮಾಡಿ ಹೊಲಿಗೇನಾ ಚಿಕ್ಕಪ್ಪ?"

"ಕೇಳ್ಲಾ ಇಲ್ಲಿ. ಸೇವೆಗೆ ಹೋದೋರಿಗೆ ಕ್ಯಾಂಪಲ್ಲಿ ಖಾಕಿ ಪ್ಯಾಂಟು ಹಂಚ್ತಾರಲ್ಲ, ಒಂದಾದ್ರೂ ಯಾರಿಗಾದ್ರೂ ಸರಿಯಾಗಿ ಆದದ್ದು ಕಂಡಿದ್ದೀಯಾ? ನನ್ ಹೆಂಡ್ತಿ ಅಣ್ಣನ ಮಗ ಎರಡು ಕೈಲೂ ಸೊಂಟ ಹಿಡ್ಕೊಂಡು ಪರೇಡ್ ಮಾಡ್ದ! ಸೂಜಿ ಹಿಡಿಯೋನು ಅಲ್ಲಿ ರಾಜ ಕಣ್ಲಾ."

ಹಾಗೆ ಶಿಮಾ ಬೆಳಿಗ್ಗೆ ಹೊಲ, ಮಧ್ಯಾಹ್ನದ ಮೇಲೆ ಅಕಾನ ಅಂಗಡಿ ಎಂದು ದಿನ ಹಂಚಿಕೊಂಡ. ಅಕಾ ಕುಳ್ಳ, ಬಾಯಿಯಲ್ಲಿ ಯಾವಾಗಲೂ ನಾಲ್ಕು ಗುಂಡುಸೂಜಿ. ಅವುಗಳ ಸಂದಿನಿಂದಲೇ ಬೈಗುಳ ಬರುತ್ತಿತ್ತು. "ನಿನ್ ಕಾಲಿಗೆ ಡಿಗ್ರಿ ಕೊಟ್ಟಿಲ್ವಾ? ಪೆಡಲ್ ನಿಧಾನ! ಬಟ್ಟೆ ಅದು, ಕುದುರೆ ಅಲ್ಲ." ಮೊದಲ ತಿಂಗಳು ಬರೀ ಕಾಜಾ. ಎರಡನೇ ತಿಂಗಳು ಸೊಂಟಪಟ್ಟಿ. ಅಕ್ಟೋಬರಿನ ಹೊತ್ತಿಗೆ ಅಗಲವಾದ ಪ್ಯಾಂಟನ್ನು ಬಿಚ್ಚಿ, ಎರಡೂ ಬದಿ ಒಳಗೆ ಹಿಡಿದು, ಮೊದಲಿನಿಂದಲೇ ಹಾಗಿತ್ತೇನೋ ಎಂಬಂತೆ ಹೊಲಿಯುವುದು ಅವನ ಕೈಗೆ ಬಂತು.

ಮಳೆ ನಿಂತ ಮೇಲೆ ಹೆಗ್ಗೆಣಸಿಗೆ ಗುಡ್ಡೆ ಹಾಕುವ ಕೆಲಸ. ಅಗಲ ಗುದ್ದಲಿಯಿಂದ ಮಣ್ಣು ಸೆಳೆದು ಸೊಂಟದೆತ್ತರ ಪೇರಿಸಬೇಕು. ಬಾಗಿದವನು ಸಾಲು ಮುಗಿಯುವವರೆಗೆ ಏಳಬಾರದು, ಎದ್ದರೆ ಪಕ್ಕದ ಹೊಲದವರು ನಗುತ್ತಾರೆ. ಶಿಮಾ ಮೊದಲ ವಾರ ಎದ್ದ, ನಗಿಸಿಕೊಂಡ. ಮೂರನೇ ವಾರಕ್ಕೆ ತಾಯಿಗಿಂತ ಎರಡು ಗುಡ್ಡೆ ಮುಂದಿದ್ದ. "ಇದೊಂದ್ ಬೆಳೆ ನಾನೇ ಹಾಕಿಟ್ಟು ಹೋಗ್ತೀನವ್ವಾ. ಕೀಳೋ ಹೊತ್ತಿಗೆ ನಾನು ಎಲ್ಲೋ ಇರ್ತೀನಿ," ಅಂದ. ಎರ್ದೂ ಹೂಂಗುಟ್ಟಿದಳು.

ಜನವರಿಯಲ್ಲಿ ಪಟ್ಟಿ ಬಂತು. ಗ್ಬೋಕೋ ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಶಿಮಾ ತನ್ನ ಹೆಸರು ಹುಡುಕಿದ. ಹೆಸರಿತ್ತು. ಹೆಸರಿನ ಮುಂದೆ ಊರು ಇರಲಿಲ್ಲ. 'ವಿನಾಯಿತಿ' ಎಂದಿತ್ತು.

ಕಾರಣ ಅವನಿಗೆ ತಿಳಿಯಲು ತಡವಾಗಲಿಲ್ಲ. ಡಿಗ್ರಿ ಮುಗಿದ ದಿನಕ್ಕೆ ಮೂವತ್ತು ದಾಟಿದವರನ್ನು ಸೇವೆಗೆ ಕರೆಯುವುದಿಲ್ಲ. ಕಾಗದದ ಪ್ರಕಾರ ಅವನಿಗೆ ಜೂನ್ ಹನ್ನೊಂದಕ್ಕೆ ಮೂವತ್ತು ತುಂಬಿತ್ತು. ಉಪನ್ಯಾಸಕರ ಮುಷ್ಕರದಿಂದ ಫಲಿತಾಂಶ ಎರಡು ತಿಂಗಳು ತಡವಾಗದಿದ್ದರೆ ಸಮಸ್ಯೆಯೇ ಇರುತ್ತಿರಲಿಲ್ಲ. ಆ ತಾರೀಕು ಸುಳ್ಳೆಂದು ಅವನಿಗೆ ಚಿಕ್ಕಂದಿನಿಂದ ಗೊತ್ತಿತ್ತು. ತನಗೆ ನಿಜವಾಗಿ ಇಪ್ಪತ್ತೇಳು. ಅಪ್ಪ ಏನೋ ಲೆಕ್ಕ ತಪ್ಪಿದ್ದಾನೆ ಅಂದುಕೊಂಡಿದ್ದ. ಅರ್ಧ ಜಿಲ್ಲೆಯ ತಾರೀಕುಗಳು ಹಾಗೇ ಅಲ್ಲವೇ?

"ಅಯ್ಯೋ ಇಷ್ಟೇನಾ!" ಅಗ್ಬೆರ್ ತೊಡೆ ತಟ್ಟಿದ. "ಫುಟ್‌ಬಾಲ್ ಆಡೋ ಹುಡುಗ್ರು ಹತ್ತು ವರ್ಷ ಹತ್ತೊಂಬತ್ತನೇ ವಯಸ್ಸಲ್ಲೇ ನಿಂತಿರ್ತಾರೆ. ಕೋರ್ಟಿಗೆ ಹೋಗಿ ಹೆತ್ತೋರು ಒಂದು ಅಫಿಡವಿಟ್ ಮಾಡಿಸಿದ್ರೆ ಆಯ್ತು. ಅಣ್ಣ ಇಲ್ಲ, ಅತ್ತಿಗೆ ಇದ್ದಾಳೆ. ತಾರೀಕು ತಪ್ಪು ಬರೆಸಿದ್ವಿ ಅಂತ ಒಂದ್ ಮಾತು."

ಎರ್ದೂ ಒನಕೆ ನಿಲ್ಲಿಸಿದಳು. ಮುದ್ದೆಗೆಂದು ಬೇಯಿಸಿ ಕುಟ್ಟುತ್ತಿದ್ದ ಗೆಣಸು ಒರಳಲ್ಲಿ ತಣ್ಣಗಾಗತೊಡಗಿತು.

"ನಾನ್ ಹೇಳಲ್ಲ," ಅಂದಳು.

"ಅತ್ತಿಗೆ, ಅದು ಕೋರ್ಟಿನ ಪುಸ್ತಕ. ನಮ್ ಹಿರೀಕರ ಆಣೆ ಗಡಿಗೆ ಅಲ್ಲ, ಮುಟ್ಟಿ ಸುಳ್ಳಾಡಿದ್ರೆ ಹೊಟ್ಟೆ ಊದ್ಕೊಳ್ಳಲ್ಲ!"

"ಹೊಟ್ಟೆ ಊದ್ಲಿ ಬಿಡ್ಲಿ. ನಾನ್ ಹೇಳಲ್ಲ."

ಒಂಬತ್ತು ದಿನ ಇಬ್ಬರೂ ಹೊಲದ ಕೆಲಸದಲ್ಲೇ ಇದ್ದರು. ಶಿಮಾ ಗೆಣಸಿನ ಬಿತ್ತನೆ ತುಂಡುಗಳನ್ನು ಬುಟ್ಟಿಗೆ ತುಂಬುತ್ತಿದ್ದ, ತಾಯಿ ಗುಡ್ಡೆಗಳಲ್ಲಿ ಊರುತ್ತ ಹೋಗುತ್ತಿದ್ದಳು. ಅಫಿಡವಿಟ್ ಕೊಡಲು ಇದ್ದ ಕೊನೆಯ ದಿನ ಹತ್ತಿರವಾಗುತ್ತಿತ್ತು. ಹತ್ತನೇ ದಿನ ಅವನ ತಾಳ್ಮೆ ಹರಿಯಿತು.

"ನಿಂಗೆ ನಾನು ಹೋಗೋದೇ ಬೇಡ ಅಲ್ವಾ ಅವ್ವಾ? ಇಲ್ಲೇ ಗುಡ್ಡೆ ಹಾಕ್ಕೊಂಡು ಸಾಯ್ಲಿ ಅಂತ. ಹೆತ್ತ ಮಗನ ವಯಸ್ಸು ಮೂರು ವರ್ಷ ತಪ್ಪು ಬರೆಸೋ ತಾಯಿ ಎಲ್ಲಾದ್ರೂ ಉಂಟಾ? ತಪ್ಪಾಯ್ತು ಅನ್ನಕ್ಕೆ ಏನ್ ಕಷ್ಟ?"

ಎರ್ದೂ ಕೈಯಲ್ಲಿದ್ದ ತುಂಡನ್ನು ಗುಡ್ಡೆಯೊಳಗೆ ಇಳಿಸಿದಳು, ಮಣ್ಣು ಮುಚ್ಚಿದಳು, ಮೇಲೆ ಒಣಹುಲ್ಲಿನ ಟೋಪಿ ಇಟ್ಟಳು. ಬಿಸಿಲಿಗೆ ತುಂಡು ಬೇಯದಿರಲೆಂದು ಇಡುವ ಟೋಪಿ ಅದು. ಆಮೇಲೆ ಎರಡು ಗುಡ್ಡೆಗಳ ನಡುವೆ ಕೂತುಬಿಟ್ಟಳು.

"ತಾರೀಕು ತಪ್ಪಿಲ್ಲ ಕಣೋ," ಅಂದಳು. "ಅದು ಅವನು ಹುಟ್ಟಿದ ದಿನ."

"ಯಾರು?"

"ತೆರ್ಸೂ."

ಶಿಮಾ ಬುಟ್ಟಿ ಕೆಳಗಿಟ್ಟ.

ಅವಳು ನಿಧಾನವಾಗಿ ಹೇಳಿದಳು, ಬೇರೆ ಯಾರ ಮನೆಯ ಸುದ್ದಿಯೋ ಎಂಬಂತೆ. ತೆರ್ಸೂ ಅವಳ ಚೊಚ್ಚಲು. ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದವನು. ಮಗುವನ್ನು ತೂಗಿ ತೂಕ ಬರೆದುಕೊಡುವ ಹಳದಿ ಕಾರ್ಡಿನಲ್ಲಿ ಅವನ ಹೆಸರು, ಹುಟ್ಟಿದ ತಾರೀಕು ಬರೆದುಕೊಟ್ಟಿದ್ದರು. ಎರಡೂವರೆ ವರ್ಷಕ್ಕೆ ದಡಾರ ಬಂತು. ನಾಲ್ಕು ದಿನ. ಆಗ ಶಿಮಾ ಅವಳ ಹೊಟ್ಟೆಯಲ್ಲಿ ಆರು ತಿಂಗಳು. ಅಳಬೇಡ, ಅತ್ತರೆ ಒಳಗಿರೋದಕ್ಕೆ ಕೇಳಿಸ್ತದೆ, ಅದೂ ಹೊರಡ್ತದೆ ಅಂದರು ಅತ್ತೆ. ಅವಳು ಅಳಲಿಲ್ಲ. ಆಮೇಲೆ ಯಾರೂ ಆ ಹೆಸರೆತ್ತಲಿಲ್ಲ.

"ನಿಂಗೆ ಐದು ವರ್ಷ. ಶಾಲೇಲಿ ಎರಡು ವರ್ಷಕ್ಕೊಂದ್ಸಲ ಒಂದನೇ ಕ್ಲಾಸು, ಇದ್ದದ್ದು ಒಬ್ಬರೇ ಮೇಷ್ಟ್ರು. ತಲೆ ಮೇಲಿಂದ ಕೈ ಹಾಕಿ ಆ ಕಡೆ ಕಿವಿ ಮುಟ್ಟು ಅಂದ್ರು. ನಿನ್ ಕೈ ಎಟುಕಲಿಲ್ಲ. ಕಿವಿಗೆ ಎರಡು ಬೆರಳು ಕಮ್ಮಿ. ಇನ್ನೆರಡು ವರ್ಷ ಬಿಟ್ಟು ಬಾ ಅಂದ್ರು. ನೀನು ದಾರೀಲೆಲ್ಲ ಅತ್ಕೊಂಡು ಬಂದೆ. ನಿಮ್ಮಪ್ಪ ಪೆಟ್ಟಿಗೆ ತೆಗೆದ್ರು, ಅವನ ಕಾರ್ಡ್ ತಗೊಂಡು ಹೊರಟ್ರು. ಮೇಷ್ಟ್ರು ಕಾರ್ಡ್ ನೋಡಿ, ಎಂಟು ವರ್ಷ ಆಗೈತಲ್ಲಪ್ಪ, ಹುಡುಗ ಯಾಕೆ ಇಷ್ಟ್ ಸಣ್ಣಕ್ಕವ್ನೆ ಅಂದ್ರಂತೆ. ಕಾಯಿಲೆ ಬಿದ್ದಿದ್ದ ಅಂದ್ರಂತೆ ಇವರು. ಕಾರ್ಡ್ ಶಾಲೇಲೇ ಉಳೀತು."

"ನೀನು ಬೇಡ ಅನ್ಲಿಲ್ವಾ?"

"ಬೈದೆ. ಮೂರು ದಿನ ಅವರಿಗೆ ಊಟ ಇಕ್ಕಲಿಲ್ಲ." ಅವಳು ಅಂಗೈಯ ಮಣ್ಣು ಉಜ್ಜಿಕೊಂಡಳು. "ಆಮೇಲೆ ವರ್ಷದ ಕೊನೇಲಿ ನೀನೊಂದು ಕಾಗದ ತಂದೆ. ಎರಡನೇ ಕ್ಲಾಸಿಗೆ ಪಾಸು. ಹೆಸರು ಓದು ಅಂದೆ. ನೀನು ತೆರ್ಸೂ ಅಂತ ಓದ್ದೆ. ಅವನೂ ಪಾಸಾದ ಅಂತ ಅನ್ನಿಸ್ತು ಕಣಪ್ಪ. ನಿನ್ ಜೊತೆ ಅವನೂ ಹೋಗ್ತಾವ್ನೆ, ನಿನ್ ಕೈ ಹಿಡ್ಕೊಂಡು. ವರ್ಷವರ್ಷಾನೂ. ಈಗ ಕೋರ್ಟಲ್ಲಿ ನಿಂತು ಅದು ಅವನ ದಿನ ಅಲ್ಲ ಅಂದ್ರೆ ಅವನು ಹುಟ್ಟೇ ಇಲ್ಲ ಅಂದಂಗೆ. ಸತ್ತ ಅಂತಾನಾದ್ರೂ ಹೇಳ್ಬಹುದು, ಹುಟ್ಟಿಲ್ಲ ಅನ್ನಲಾ?"

ಶಿಮಾ ಅವಳ ಎದುರು ಕೂತ. ಗುಡ್ಡೆಗಳ ಸಾಲು ಇಬ್ಬರ ತಲೆಗಿಂತ ಎತ್ತರವಾಗಿ ಕಂಡಿತು. ಎರಡು ಬೆರಳು ಕಮ್ಮಿಯಾದದ್ದು ಅವನಿಗೆ ನೆನಪಿರಲಿಲ್ಲ. ಅತ್ತದ್ದು ಮಾತ್ರ ಮಂಜುಮಂಜಾಗಿ ನೆನಪಿತ್ತು.

"ಬಿಡವ್ವ. ಹೋಗ್ಲಿ ಬಿಡು. ನಾನು ಹೋಗದಿದ್ರೂ ಆಯ್ತದೆ," ಅಂದ.

ಅದು ಮನಸ್ಸಿನ ಮಾತಾಗಿರಲಿಲ್ಲ. ಅವಳಿಗೂ ಅದು ಕೇಳಿಸಿತು.

ಮೂರನೇ ದಿನ ಬೆಳಿಗ್ಗೆ ಎರ್ದೂ ಚರ್ಚಿನ ಬಟ್ಟೆ ಉಟ್ಟು ಅಂಗಳದಲ್ಲಿ ನಿಂತಿದ್ದಳು. "ನಡಿ. ಸುಳ್ ಹೇಳಲ್ಲ. ಇದ್ದದ್ದು ಹೇಳ್ತೀನಿ." ಅಗ್ಬೆರನ ಬೈಕಿನಲ್ಲಿ ಮೂವರೂ ಗ್ಬೋಕೋಗೆ ಹೋದರು.

ಕೋರ್ಟಿನ ಗುಮಾಸ್ತ ಬೆಳಿಗ್ಗೆಯಿಂದ ಹನ್ನೊಂದು ಜನರ ವಯಸ್ಸು ಇಳಿಸಿ ಬೇಸತ್ತಿದ್ದ. "ಹೇಳಮ್ಮ, ಎಷ್ಟು ವರ್ಷ ಕಮ್ಮಿ ಮಾಡ್ಬೇಕು?" ಅಂದ. ಎರ್ದೂ ಹೇಳತೊಡಗಿದ ಮೇಲೆ ಅವನ ಪೆನ್ನು ನಿಂತಿತು. ಒಮ್ಮೆ ಶಿಮಾನ ಮುಖ ನೋಡಿದ, ಒಮ್ಮೆ ಅವಳದು. ಆಮೇಲೆ ತಮಾಷೆ ಮಾಡಲಿಲ್ಲ. ಅವಳು ಹೇಳಿದ್ದನ್ನೆಲ್ಲ ಬರೆದುಕೊಂಡು ಓದಿದ: ತೆರ್ಸೂ ಇಯೋರ್ಹೆಮೆನ್ ಎಂಬ ನನ್ನ ಹಿರಿಯ ಮಗ ಎರಡೂವರೆ ವರ್ಷದವನಾಗಿದ್ದಾಗ ತೀರಿಕೊಂಡ. ಅವನ ಹೆಸರು, ತಾರೀಕಿನಲ್ಲಿ ಓದಿದವನು ನನ್ನ ಎರಡನೇ ಮಗ ಶಿಮಾ.

"ಇನ್ನೊಂದ್ಸಲ," ಅಂದಳು ಎರ್ದೂ.

ಗುಮಾಸ್ತ ಓದಿದ. 'ತೀರಿಕೊಂಡ' ಎಂಬಲ್ಲಿ ಅವಳು ತಲೆಯಾಡಿಸಿದಳು. ಪುಸ್ತಕದ ಮೇಲೆ ಕೈಯಿಟ್ಟಳು, ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದಳು. ಹೊರಗೆ ಬಂದು ಕೋರ್ಟಿನ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತಳು. ಮುಚ್ಚಿಟ್ಟುಕೊಂಡು ಅತ್ತದ್ದಲ್ಲ, ಊರಲ್ಲಿ ಸಾವಾದಾಗ ಹೆಂಗಸರು ಅಳುವ ಹಾಗೆ, ಹೆಸರು ಕೂಗಿ ಕೂಗಿ. ವಯಸ್ಸು ಇಳಿಸಲು ಬಂದವರೆಲ್ಲ ತಿರುಗಿ ನೋಡಿದರು. ಅಗ್ಬೆರ್ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ. "ನಂಗೊತ್ತಿತ್ತು ಕಣೋ," ಎಂದ ಶಿಮಾಗೆ. "ಮರ್ತಿದ್ದೆ. ಮರೀಬಾರ್ದಿತ್ತು."

ಮಾರನೆಯ ವಾರ ಅಮ್ಮ ಮಗ ರಾಜಧಾನಿಯಲ್ಲಿದ್ದ ರಾಷ್ಟ್ರಸೇವೆಯ ಕಚೇರಿಗೆ ಹೋದರು. ಎರ್ದೂ ಹೊರಗೆ ಬೇವಿನ ನೆರಳಲ್ಲಿ ಬುತ್ತಿ ಹಿಡಿದು ಕೂತಳು. ಒಳಗೆ ನರೆತ ಕೂದಲಿನ ಅಧಿಕಾರಿಯೊಬ್ಬ ಅಫಿಡವಿಟ್ ಓದಿದ. ಓದಿ ಎದ್ದುಹೋಗಿ ಬಾಗಿಲು ಮುಚ್ಚಿ ಬಂದ.

"ತಮ್ಮಾ, ಇದನ್ನ ಯಾರಿಗಾದ್ರೂ ತೋರಿಸಿದ್ದೀಯಾ?"

"ಇಲ್ಲ ಸಾರ್."

"ತೋರಿಸ್ಬೇಡ. ಇದರಲ್ಲಿ ಏನ್ ಬರ್ದಿದೆ ಗೊತ್ತಾ ನಿಂಗೆ? ಒಂದನೇ ಕ್ಲಾಸಿಂದ ಡಿಗ್ರಿವರೆಗೆ ಪಾಸಾದವನು ಸತ್ತುಹೋಗಿದ್ದಾನೆ, ಅವನ ಹೆಸರಲ್ಲಿ ಬೇರೆಯವನು ಬರೆದಿದ್ದಾನೆ ಅಂತ. ನಾನಿದನ್ನ ಫೈಲಿಗೆ ಹಾಕಿದ್ರೆ ನಿನ್ನ ಡಿಗ್ರಿ ಹೋಗುತ್ತೆ. ಹೈಸ್ಕೂಲ್ ಕೂಡ ಹೋಗುತ್ತೆ. ಶಿಮಾ ಅನ್ನೋನು ಈ ದೇಶದಲ್ಲಿ ಒಂದನೇ ಕ್ಲಾಸಿಗೂ ಸೇರಿಲ್ಲ."

"ಬರೀ ತಾರೀಕು ತಿದ್ದಿದ್ರೆ ಸಾಕು ಸಾರ್. ಒಂದು ವರ್ಷ ಕೆಲ್ಸ ಮಾಡ್ತೀನಿ, ಎಲ್ಲಿಗೆ ಬೇಕಾದ್ರೂ ಹೋಗ್ತೀನಿ. ಯಾರೂ ಹೋಗದ ಊರಿಗೆ ಕಳ್ಸಿ."

"ಇಪ್ಪತ್ತು ವರ್ಷದ ಸರ್ವೀಸಲ್ಲಿ ನನ್ನ ಕೇಳ್ಕೊಂಡವರೆಲ್ಲ ಹೋಗದೆ ಇರೋಕೆ ಕೇಳ್ಕೊಂಡಿದ್ದಾರೆ." ಅಧಿಕಾರಿ ಕಾಗದವನ್ನು ಮಡಿಸಿ ಅವನ ಜೇಬಿಗೆ ತಾನೇ ಇಟ್ಟ. "ನಾನಿದನ್ನ ನೋಡಿಲ್ಲ. ವಿನಾಯಿತಿ ಪತ್ರ ತಗೊಂಡು ಬದುಕ್ಕೋ. ನಿಮ್ಮಣ್ಣ ಸತ್ತಿಲ್ಲ, ತಿಳೀತಾ? ಸಾಯೋ ಹಾಗಿಲ್ಲ."

ಬೇವಿನ ಕೆಳಗೆ ತಾಯಿ ಬುತ್ತಿ ಬಿಚ್ಚಿದಳು. ಎಳ್ಳಿನ ಸಾರು ಎಲೆಯಿಂದ ಸೋರಿತ್ತು. ಒಳಗೆ ನಡೆದದ್ದನ್ನು ಶಿಮಾ ಹೇಳಿದ. ಅವಳು ಮುದ್ದೆ ಮುರಿದು ಅವನ ಕಡೆ ತಳ್ಳಿದಳು, ತಾನು ತಿನ್ನಲಿಲ್ಲ. "ಹಂಗಾದ್ರೆ ಸುಮ್ನೆ ಸಾಯಿಸ್ದೆ ಅವನ್ನ," ಎಂದಳು.

ಮಾರ್ಚಿನಲ್ಲಿ ಊರಿನ ಶಾಲೆಗೆ ಹೊಸಬನೊಬ್ಬ ಖಾಕಿ ತೊಟ್ಟು ಬಂದ. ಡೊತುನ್ ಅಂತ, ಪಶ್ಚಿಮದ ಕಡೆಯವನು. ಮೊದಲ ಸಂಜೆಯೇ ಸೊಂಟ ಹಿಡಿದುಕೊಂಡು ಅಕಾನ ಅಂಗಡಿಗೆ ಬಂದ. ಅಕಾ ಸೂಜಿಗಳ ಸಂದಿನಿಂದ ನಕ್ಕು, "ನಮ್ ಹುಡುಗನ್ನೇ ಕೇಳು. ಇಡೀ ನಾಡಲ್ಲಿ ಖಾಕಿ ಪ್ಯಾಂಟು ಇವನಷ್ಟು ಚೆನ್ನಾಗಿ ಯಾರಿಗೂ ಬರಲ್ಲ," ಅಂದ. ಆಮೇಲೆ ಆಡಬಾರದ್ದು ಆಡಿದೆ ಅನಿಸಿ ಒಳಗೆ ಹೋದ.

ಶಿಮಾ ಅವನ ಸೊಂಟದ ಅಳತೆ ತೆಗೆದ, ಬದಿ ಬಿಚ್ಚಿದ, ಹೊಲಿದ.

"ಇಲ್ಲಿ ಮಕ್ಕಳಿಗೆ ಲೆಕ್ಕ ಹೇಳ್ಕೊಡೋದು ಹೇಗೆ ಗುರು? ನನ್ ಭಾಷೆ ಅವರಿಗೆ ಬರಲ್ಲ, ಅವರದ್ದು ನಂಗೆ ಬರಲ್ಲ," ಎಂದು ಕೇಳಿದ ಡೊತುನ್.

"ಹರಳು ಜೋಡಿಸಿ. ಮಾವಿನ ಮರದ ಕೆಳಗೆ ಬೇಕಾದಷ್ಟಿವೆ," ಅಂದ ಶಿಮಾ.

"ನಿಮ್ದು ಸೇವೆ ಮುಗೀತಾ?"

"ನಂಗೆ ವಯಸ್ಸಾಯ್ತಂತೆ."

ಡೊತುನ್ ಅವನ ಮುಖ ನೋಡಿ, ಇದೇನು ತಮಾಷೆಯೋ ಎಂದು ನಕ್ಕ. ಪ್ಯಾಂಟು ಚರ್ಮದಂತೆ ಕೂತಿತ್ತು. ಅವನು ಎರಡೂ ಕೈ ಬೀಸಿಕೊಂಡು ಶಾಲೆಯ ಕಡೆ ಹೋದ.

ಅದೇ ವಾರ ಶಿಮಾ ಪೇಟೆಯಿಂದ ವಿನಾಯಿತಿ ಪತ್ರ ತಂದ. ಎರ್ದೂ ಗೆಣಸಿನ ಬಳ್ಳಿಗಳಿಗೆ ಕೋಲು ನೆಡುತ್ತಿದ್ದಳು. ಅವನು ಕಾಲುದಾರಿಯಲ್ಲಿ ಬರುವುದನ್ನು ಕಂಡಳು, ಆದರೆ ಕೆಲಸ ಬಿಡಲಿಲ್ಲ. ಅವನು ಅಂಗಳದಲ್ಲಿ ಮಡಕೆಯ ಪಕ್ಕ ಕಾದು ನಿಂತ. ಕೊನೆಗೆ ತಾನೇ ಹೊಲದ ಅಂಚಿಗೆ ಹೋದ.

"ಕಾಗದ ಬಂತವ್ವಾ."

"ಬರ್ಲಿ."

"ಕೈ ತೊಳಿಯಲ್ವಾ?"

"ಯಾಕೆ?" ಅವಳು ಕೋಲನ್ನು ಮಣ್ಣಿಗೆ ಒತ್ತಿ, ಅಲುಗಿಸಿ ನೋಡಿದಳು. "ಅದು ನಿಂದು. ನೀನೇ ಇಟ್ಕೊ. ಆ ಕೋರ್ಟಿನ ಕಾಗದ ಮಾತ್ರ ನಂಗೆ ಕೊಡು. ಅವನ್ದು ಅಂತ ಇರೋದು ಅದೊಂದೇ."

ಅವನು ಜೇಬಿನಿಂದ ಅಫಿಡವಿಟ್ ತೆಗೆದುಕೊಟ್ಟ. ಅವಳು ಮಣ್ಣಿನ ಕೈಯಲ್ಲೇ ಅದನ್ನು ಈಸಿಕೊಂಡು ರವಿಕೆಯೊಳಗೆ ಇಟ್ಟುಕೊಂಡಳು. ಮುಂದಿನ ಗುಡ್ಡೆಗೆ ನಡೆದಳು.

ಶಿಮಾ ಅಂಗಳಕ್ಕೆ ವಾಪಸು ಬಂದ. ಮಡಕೆಯಿಂದ ನೀರು ಮೊಗೆದು ಕೈ ತೊಳೆದುಕೊಂಡ. ಪತ್ರವನ್ನು ಎರಡೂ ಕೈಯಲ್ಲಿ ಹಿಡಿದು, ಹೊಲಕ್ಕೆ ಕೇಳಿಸುವಷ್ಟು ಗಟ್ಟಿಯಾಗಿ ಓದಿದ.

"ತೆರ್ಸೂ ಇಯೋರ್ಹೆಮೆನ್."

ಹೊಲದಲ್ಲಿ ಕೋಲು ಬಡಿಯುವ ಸದ್ದು ನಿಂತಿತು. ಅವನು ಕಾದ. 'ಇನ್ನೊಂದ್ಸಲ' ಎಂಬ ಮಾತು ಬರಲಿಲ್ಲ. ಆದರೂ ಅವನು ಇನ್ನೊಂದು ಸಲ ಓದಿದ.

ಸ್ವಲ್ಪ ಹೊತ್ತಿನ ಮೇಲೆ ಕೋಲು ಬಡಿಯುವ ಸದ್ದು ಮತ್ತೆ ಶುರುವಾಯಿತು.